ಪೆರುಮಾಳನ ಗುರುತಿನ ಚೀಟಿ

ಪುಷ್ಪಳಿಗೆ ಅಪ್ಪನ ಮುಖ ನೆನಪಿಲ್ಲ. ಗಣಿ ಕೆಲಸಗಾರ ಪೆರುಮಾಳ್ ಜ್ವರದಲ್ಲಿ ತೀರಿಕೊಂಡಾಗ ಅವಳು ಏಳು ತಿಂಗಳ ಕೂಸು. ಮನೆಯಲ್ಲಿದ್ದ ಒಂದೇ ಫೋಟೋವನ್ನು ತಾಯಿ ಕದಿರಮ್ಮ ಯಾವುದೋ ಅರ್ಜಿಗೆ ಅಂಟಿಸಿ ಕೊಟ್ಟಿದ್ದಳು. ಅದು ಮರಳಿ ಬರಲಿಲ್ಲ.

ಮೂವತ್ತು ದಾಟಿದ ಮೇಲೆ ಪುಷ್ಪ ಬಂಗಾರಪೇಟೆಯಲ್ಲಿ ಹಳೆಯ ಗಣಿ ಕಾರ್ಮಿಕರ ಸಂಘವೊಂದರ ಕಚೇರಿಗೆ ಟೈಪಿಂಗ್ ಕೆಲಸಕ್ಕೆ ಸೇರಿದಳು. ಸಂಘದ ಇನ್ನೊಂದು ಕಚೇರಿ ಹತ್ತಿರದ ಗಣಿ ಊರು ಚಾಂಪಿಯನ್ ರೀಫ್ಸ್‌ನಲ್ಲಿತ್ತು. ಒಂದು ದಿನ ಅಲ್ಲಿನ ಮೀನಾ ಫೋನಿನಲ್ಲಿ ಹೇಳಿದಳು:

"ಪುಷ್ಪಕ್ಕ, ಕೆಲಸಗಾರರ ಗುರುತಿನ ಚೀಟಿಗಳ್ನೆಲ್ಲ ಸ್ಕ್ಯಾನ್ ಮಾಡಿ ನಮ್ ಕಂಪ್ಯೂಟರ್‌ನಾಗೆ ಇಕ್ಕಿದೀವಿ. ಎಲ್ಲಾದ್ರಾಗೂ ಫೋಟೋ ಐತೆ. ಫೈಲ್‌ಗಳಿಗೆ ಎಸ್ರು ಹಾಕಿಲ್ಲ, ಬರೀ ನಂಬರು. ನೀವೇ ಅಲ್ಲಿಂದ ತೆಗೆದು ನೋಡ್ಕಳಿ."

ಪುಷ್ಪ ಕೂಡಲೇ ಕಂಪ್ಯೂಟರ್ ಮುಂದೆ ಕುಳಿತಳು. ನೆಟ್‌ವರ್ಕ್ ಪಟ್ಟಿ ತೆರೆದಳು. ತನ್ನ ಕಚೇರಿಯ ಮೂರು ಕಂಪ್ಯೂಟರ್‌ಗಳು ಬಿಟ್ಟರೆ ಮತ್ತೇನೂ ಇರಲಿಲ್ಲ. ಮುಚ್ಚಿ ತೆರೆದಳು. ಮತ್ತೆ ಅವೇ ಮೂರು. ಅಷ್ಟು ಹತ್ತಿರದ ಊರು, ಆದರೂ ಕಾಣುತ್ತಿಲ್ಲ.

ನಾಲ್ಕನೆಯ ದಿನ ಸಂಘದ ಕಂಪ್ಯೂಟರ್ ರಿಪೇರಿ ಮಾಡುವ ಸೆಲ್ವರಾಜ್ ಬಂದ.

"ಎರಡು ಆಫೀಸಿಗೂ ಲೈನ್ ಐತಮ್ಮ, ಆದ್ರೆ ನೆಟ್‌ವರ್ಕ್ ಬೇರೆ ಬೇರೆ. 'ಯಾರಿದೀರಾ' ಅಂತ ಇಲ್ಲಿ ಕೂಗಿದ್ರೆ ಈ ಆಫೀಸ್‌ನವು ಮಾತ್ರ ಓ ಅಂತವೆ. ಅಲ್ಲಿನ ಪಟ್ಟಿ ಅಲ್ಲೇ, ಇಲ್ಲಿನ ಪಟ್ಟಿ ಇಲ್ಲೇ. ಎರಡನ್ನೂ ಸೇರಿಸೋಕೆ ಒಂದು ಸರ್ವರ್ ಐತೆ, ಅದರ ಅಡ್ರೆಸ್ಸೇ ಇಲ್ಲಿ ಹಾಕಿಲ್ಲ."

ವಿಳಾಸ ಹಾಕಿ ಎದ್ದ. "ಈಗ್ಲೇ ಬರಲ್ಲ. ಪಟ್ಟಿ ಬಂದು ಸೇರೋಕೆ ಒಂದು ಗಂಟೆ ಬೇಕಾಯ್ತದೆ."

ಆ ಗಂಟೆಯಲ್ಲಿ ಅವಳು ಒಂದು ಸಾಲೂ ಟೈಪ್ ಮಾಡಲಿಲ್ಲ. ಕೊನೆಗೆ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಮೂಡಿತು, ಮೀನಾಳ ಕಚೇರಿಯ ಕಂಪ್ಯೂಟರಿನದು. ಒಳಗೆ ಹೋದರೆ ಸಾವಿರಾರು ಚೀಟಿಗಳು. ಪ್ರತಿದಿನ ಊಟದ ಬಿಡುವಿನಲ್ಲಿ ಒಂದೊಂದನ್ನೇ ತೆರೆದಳು. ಮೀಸೆ ಚಿಗುರದ ಮುಖಗಳು, ಬೆದರಿದ ಕಣ್ಣುಗಳು. ಪ್ರತಿ ಮುಖದ ಮುಂದೆಯೂ ಒಂದು ಗಳಿಗೆ, ಇವನೇ ಇರಬಹುದೇ ಎಂದು ತಡೆದು ಆಮೇಲೆ ಹೆಸರು ಓದುತ್ತಿದ್ದಳು. ಪೆರುಮಾಳ್ ಎಂಬುವರೇ ಹನ್ನೊಂದು ಜನ ಸಿಕ್ಕರು. ಹನ್ನೆರಡನೆಯವನ ಚೀಟಿಯಲ್ಲಿ 'ಹೆಂಡತಿ: ಕದಿರಮ್ಮ' ಎಂದಿತ್ತು.

ಫೋಟೋದಿಂದ ಅವಳಿಗಿಂತ ಚಿಕ್ಕ ವಯಸ್ಸಿನ ಹುಡುಗ ಅವಳನ್ನೇ ನೋಡುತ್ತಿದ್ದ. ಅವಳದೇ ಅಗಲ ಹಣೆ. 'ಅಪ್ಪಾ' ಎನ್ನಲು ಹೋದಳು. ಎಂದೂ ಬಳಸದ ಆ ಮಾತಿಗೆ ನಾಲಿಗೆ ತಡವರಿಸಿತು.

ಪ್ರಿಂಟ್ ತೆಗೆದು ಸಂಜೆ ಮನೆಗೆ ಒಯ್ದಳು. ಕದಿರಮ್ಮ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನಿಂತಳು.

"ಇವ್ನೇ ಕಣಮ್ಮಿ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೆ ನಕ್ಕಿಲ್ಲ ನೋಡು. ನಿಮ್ಮಪ್ಪ ಯಾವಾಗ್ಲೂ ನಗ್ತಾನೇ ಇರಾನು. ನಕ್ಕಿರಾದು ಒಂದೂ ಸಿಗಾಕಿಲ್ವೇನಮ್ಮಿ?"

ಮರುದಿನ ಬಿಡುವಿನಲ್ಲಿ ಪುಷ್ಪ ಆ ಕಂಪ್ಯೂಟರ್‌ನಲ್ಲಿದ್ದ ಉಳಿದ ಫೋಲ್ಡರ್‌ಗಳನ್ನು ತೆರೆಯತೊಡಗಿದಳು.