ಪುಕ್ಕಲುಮಾವನ ಕೈಗೆ ಬಂದ ಬಂದೂಕು

ಬೀದಿಗೆಲ್ಲ ಅವನು ಬೀಗ ರಿಪೇರಿಯವನು. ಮನೆಯಲ್ಲಿ ಮಾತ್ರ ಪುಕ್ಕಲುಮಾವ. ಆ ಹೆಸರಿಟ್ಟವಳು ತಂಗಿಯ ಮಗಳು. ಇಡಿಸಿದ್ದು ಒಂದು ದೆವ್ವದ ವಿಡಿಯೋ ಗೇಮ್.

ತಂಗಿಯ ಗಂಡ ತೀರಿಕೊಂಡ ವರ್ಷ ಅದು. ತಂಗಿ ಆಸ್ಪತ್ರೆಯಲ್ಲಿ ನರ್ಸ್. ಭಾನುವಾರವೂ ಡ್ಯೂಟಿ ಬೀಳುತ್ತಿತ್ತು. ಹದಿಮೂರರ ಹುಡುಗಿ ಒಬ್ಬಳೇ ಇರಬಾರದೆಂದು ಅವನು ಅಂಗಡಿಯ ಶಟರ್ ಎಳೆದು ಬರುತ್ತಿದ್ದ. ಬಂದವನಿಗೆ ಮಾತೇ ಹೊರಡದು. ಅಪ್ಪನನ್ನು ಕಳೆದುಕೊಂಡ ಮಗುವಿಗೆ ಏನಂತ ಹೇಳುವುದು? 'ಊಟ ಆಯ್ತಾ' ಎಂದು ಎರಡು ಸಲ ಕೇಳಿ, ಮತ್ತೆ ಕೇಳಲು ನಾಚಿ, ಸೋಫಾದ ತುದಿಯಲ್ಲಿ ಕುಳಿತಿರುತ್ತಿದ್ದ. ಕೊನೆಗೊಂದು ದಿನ ಅವಳೇ ಕಿಟಕಿಯ ಪರದೆ ಎಳೆದು ಟಿವಿಗೆ ಗೇಮ್ ಹಾಕಿದಳು.

"ಮಾವ, ಪಕ್ಕದಲ್ಲಿ ಕೂತ್ಕೋ. ಒಬ್ಬಳೇ ಆಡೋಕಾಗಲ್ಲ."

ಪಾಳುಬಿದ್ದ ಹಾಸ್ಟೆಲಿನಲ್ಲಿ ಸಿಕ್ಕಿಕೊಂಡ ಹೆಂಗಸೊಬ್ಬಳ ಕತೆ ಅದು. ಕೈಯಲ್ಲಿ ಒಂದು ಟಾರ್ಚ್ ಬಿಟ್ಟರೆ ಇನ್ನೇನಿಲ್ಲ. ದೆವ್ವ ಬಂದರೆ ಓಡಬೇಕು, ಇಲ್ಲವೇ ಬೀರುವಿನೊಳಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ದಿನವಿಡೀ ಊರವರ ಬಾಗಿಲು ತೆರೆಯುವುದೇ ಕಸುಬಾಗಿದ್ದ ಮನುಷ್ಯ, ಟಿವಿಯೊಳಗಿನ ಬಾಗಿಲು ಕಂಡರೆ ದಿಂಬನ್ನು ಎದೆಗವಚಿಕೊಳ್ಳುತ್ತಿದ್ದ.

"ತೆಗೀಬೇಡ ಕಣೇ! ನಮಗ್ಯಾಕೆ ಬೇಕು ಆ ರೂಮು?"

"ಬೀಗದ ಕೈ ಅಲ್ಲೇ ಇರೋದು ಮಾವ."

"ಬೀಗದ ಕೈ ತಾನೇ? ನಾನು ಮಾಡ್ಕೊಡ್ತೀನಿ, ವಾಪಸ್ ಬಾ!"

ಬಾಗಿಲು ಕಿರ್ರೆಂದಿತು. ಮಾವ ಕಿರುಚಿಕೊಂಡ ರಭಸಕ್ಕೆ ನೀರಿನ ಲೋಟ ಉರುಳಿಹೋಯಿತು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ತಿಂಗಳುಗಟ್ಟಲೆ ಕೇಳದೆ ಹೋಗಿದ್ದ ಸದ್ದು ಅದು. ನಾಚಿಕೆಯಾದರೂ ಮುಂದಿನ ಭಾನುವಾರ ಮಾವ ಕರೆಯುವ ಮೊದಲೇ ಹಾಜರಾದ.

ಎರಡು ವರ್ಷದ ಮೇಲೆ ಆಟದ ಎರಡನೆಯ ಭಾಗ ಬಂತು. ಅದೇ ಹೆಂಗಸು, ಸೊಂಟದಲ್ಲಿ ಮಾತ್ರ ಪಿಸ್ತೂಲು. ಇನ್ನೂ ಕೆಲವು ವರ್ಷ ಕಳೆದು ಬಂದ ಮೂರನೆಯದರಲ್ಲಿ ಮೆಷಿನ್‌ಗನ್, ಹೆಲಿಕಾಪ್ಟರ್, ಸೇತುವೆಗೆ ಸೇತುವೆಯೇ ಸಿಡಿಯುವುದು. ದೆವ್ವಗಳು ಸಂತೆಗೆ ಹೊರಟವರಂತೆ ಹಿಂಡುಹಿಂಡಾಗಿ ಬಂದು, ಗುಂಡು ತಿಂದು, ಮಗುಚಿ ಬೀಳುತ್ತಿದ್ದವು.

"ಇದರಲ್ಲಿ ಹೆದರಿಕೆನೇ ಇಲ್ವಲ್ಲ ಪುಟ್ಟಿ?"

"ನೋಡಿ ನೋಡಿ ಹಳೇದಾದ ದೆವ್ವಕ್ಕೆ ಯಾರು ಹೆದರ್ತಾರೆ ಮಾವ? ಅದಕ್ಕೇ ಆಟ ಮಾಡೋರು ಬಂದೂಕು ಕೊಟ್ಟುಬಿಡ್ತಾರೆ. ಆ ಹೆಂಗಸೂ ಅಷ್ಟೆಲ್ಲ ದಾಟಿ ಬಂದವಳಲ್ವಾ, ಇನ್ನೂ ಬೀರುಲಿ ಅಡಗಿ ಕೂರ್ತಾಳಾ?"

ಮಾತು ನಿಜವೇ. ಹುಡುಗಿಯೂ ಈಗ ಬೆಳೆದಿದ್ದಳು. ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ, ಓಡಾಟಕ್ಕೆ ಸ್ಕೂಟರ್. ಅಮ್ಮನಿಗೇ ಬುದ್ಧಿ ಹೇಳುವಷ್ಟು ದೊಡ್ಡವಳು. ಢಂ ಢಮಾರ್ ಸದ್ದಿನ ನಡುವೆಯೂ ಮಾವನಿಗೆ ಕಣ್ಣು ಎಳೆಯುತ್ತಿತ್ತು. ಒಂದು ಭಾನುವಾರ ಎಚ್ಚರವಾದಾಗ ಟಿವಿ ಆರಿತ್ತು, ಮೈಮೇಲೆ ಹೊದಿಕೆ ಇತ್ತು, ಒಳಗೆ ಹುಡುಗಿ ಫೋನಿನಲ್ಲಿ ಗೆಳತಿಯೊಡನೆ ನಗುತ್ತಿದ್ದಳು. ಇನ್ನು ಇವಳಿಗೆ ಜೊತೆ ಬೇಕಿಲ್ಲ ಎಂದುಕೊಂಡ. ಸಂತೋಷಪಡಬೇಕಾದ ವಿಷಯವೇ, ಆದರೂ ಹೊದಿಕೆ ಮಡಿಚಿಟ್ಟು, ಹೇಳದೆ ಹೊರಟುಬಿಟ್ಟ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಿ ಬರುವುದನ್ನೇ ಬಿಟ್ಟ.

ಕೆಲವು ವಾರ ನೋಡಿ ಅವಳೇ ಅಂಗಡಿಗೆ ಬಂದಳು. ಗಿರಾಕಿಯ ಸುಳಿವಿಲ್ಲ. ಮಾವ ಚೆನ್ನಾಗಿಯೇ ಇದ್ದ ಬೀಗವೊಂದಕ್ಕೆ ಎಣ್ಣೆ ಬಿಡುತ್ತಿದ್ದ.

"ಇದೇನಾ ಜಾಸ್ತಿ ಕೆಲಸ?"

ಅವನು ತಲೆ ಎತ್ತಲಿಲ್ಲ. "ನಿನಗೀಗ ಹೆದರಿಕೆ ಇಲ್ವಲ್ಲ ಪುಟ್ಟಿ. ನಾನು ಬಂದು ಗೊರಕೆ ಹೊಡೆಯೋದ್ಯಾಕೆ ಅಂತ..."

"ಆವಾಗೇನು ನಿನ್ನಿಂದ ನನಗೆ ಧೈರ್ಯ ಬರ್ತಿತ್ತಾ? ನನಗಿಂತ ಜೋರಾಗಿ ಕಿರುಚ್ತಿದ್ದೆ!" ಅವಳು ಸ್ಟೂಲು ಎಳೆದು ಕುಳಿತಳು. ದನಿ ಇಳಿಯಿತು. "ಅಪ್ಪ ಹೋದ ಮೇಲೆ ಎಲ್ಲರೂ ಧೈರ್ಯವಾಗಿರು, ಧೈರ್ಯವಾಗಿರು ಅಂತಿದ್ರು ಮಾವ. ಹೆದರ್ಕೊಂಡೇ ನನ್ನ ಪಕ್ಕ ಕೂತವನು ನೀನೊಬ್ಬನೇ."

ಮಾವ ಕಣ್ಣೊರೆಸಿಕೊಳ್ಳಲು ಹೋಗಿ ಕೈಯ ಎಣ್ಣೆಯನ್ನೆಲ್ಲ ಮುಖಕ್ಕೆ ಮೆತ್ತಿಕೊಂಡ. "ಥೂ, ಈ ಕಡೆ ತಿರುಗು," ಎನ್ನುತ್ತ ಅವಳು ಕರವಸ್ತ್ರ ತೆಗೆದಳು.

ಅವತ್ತು ಮಧ್ಯಾಹ್ನ ಮನೆಯಲ್ಲಿ ಅವಳು ಆಟದ ಕಂಟ್ರೋಲರನ್ನು ಅವನ ಕೈಗೇ ಕೊಟ್ಟಳು. ಅದೇ ಮೂರನೆಯ ಭಾಗ. ದೂರದಲ್ಲಿ ಒಂದು ದೆವ್ವ ಕಂಡಿದ್ದೇ ತಡ, ಮಾವ ಮೆಷಿನ್‌ಗನ್ ಹಿಡಿದ ಹೆಂಗಸನ್ನು ತಿರುಗಿಸಿ ಓಟ ಕಿತ್ತ.

"ಹೊಡಿ ಮಾವ! ಬಲಗಡೆ ಬಟನ್!"

"ಬೀರು ಎಲ್ಲಿ? ಬೀರು ಎಲ್ಲಿಟ್ಟಿದ್ದಾರೆ ಇವರು?"

"ಇದರಲ್ಲಿ ಬೀರು ಇಲ್ಲ!"

"ಅಡಗೋಕೆ ಜಾಗ ಇಲ್ದೆ ಇರೋದು ಎಂಥ ಆಟ!"

ಅವನು ಹೆಂಗಸನ್ನು ಲಾರಿಯೊಂದರ ಹಿಂದೆ ನಿಲ್ಲಿಸಿ, ತಾನೂ ಉಸಿರು ಬಿಗಿಹಿಡಿದ. ಗುಂಡಿನ ಗದ್ದಲವಿಲ್ಲದೆ ಟಿವಿ ಗಪ್‌ಚಿಪ್ಪಾಯಿತು. ಆಗ ಕೇಳಿಸಿತು, ಕಾಲೆಳೆದುಕೊಂಡು ಬರುವ ಒಂದು ಹೆಜ್ಜೆಯ ಸದ್ದು. ಇಷ್ಟು ದಿನ ಆಡಿದರೂ ಅವಳ ಕಿವಿಗೆ ಅದು ಬಿದ್ದೇ ಇರಲಿಲ್ಲ. ಅವಳ ಕೈ ಮೆಲ್ಲಗೆ ಮಾವನ ತೋಳು ಹಿಡಿಯಿತು.

"ಅಲ್ಲಾಡಬೇಡ ಮಾವ," ಎಂದು ಪಿಸುಗುಟ್ಟಿದಳು.

ಲಾರಿಯ ಮರೆಯಿಂದ ದೆವ್ವ ಮುಖ ಹಾಕಿತು. ಇಬ್ಬರೂ ಒಟ್ಟಿಗೇ ಕಿರುಚಿದರು.

ಡ್ಯೂಟಿ ಮುಗಿಸಿ ಬಂದ ತಂಗಿ ಬಾಗಿಲಲ್ಲೇ ನಿಂತು ನೋಡಿದಳು. ಬೈಯಲೆಂದು ಬಾಯಿ ತೆರೆದವಳು, ಬ್ಯಾಗನ್ನು ನೆಲಕ್ಕಿಟ್ಟು, "ಸ್ವಲ್ಪ ಸರೀರಿ," ಎಂದು ಇಬ್ಬರ ನಡುವೆ ಬಂದು ಕುಳಿತಳು.