ಬೇವಿನ ಬುಡದ ಕಲ್ಲಿನ ಗುರುತು

ಸ್ಕೌಟ್ ಚಳವಳಿಗೆ ನೂರು ವರ್ಷ ತುಂಬಿದಾಗ ಜಮಖಂಡಿಯಲ್ಲಿ ಮೇಳ ಇಟ್ಟಿದ್ದರು. ಹಳೆಯ ಗೈಡ್‌ಗಳೂ ಬರಬೇಕೆಂದು ಊರೂರಿಗೆ ಹೇಳಿ ಕಳಿಸಿದ್ದರು. ನಾನಾಗ ಲೋಕಾಪುರದ ಕಡೆ ಶಾಲೆಯ ಟೀಚರು, ಹುಡುಗಿಯರನ್ನು ಕರೆದುಕೊಂಡು ಹೋದೆ. ಖರೆ ಹೇಳಬೇಕೆಂದರೆ ಹೋದದ್ದು ನನ್ನ ಗೆಳತಿಗಾಗಿ. ಅವಳೂ ಬಂದರೆ ತಪ್ಪಾಯಿತು ಎನ್ನಬೇಕಿತ್ತು.

ಅನಗವಾಡಿ ಸಮೀಪದ ನಮ್ಮ ಹಳ್ಳಿಯಲ್ಲಿ ಇಬ್ಬರದೂ ಒಂದೇ ಓಣಿ. ಅವರದು ಕುರಿ ಕಾಯುವ ಮನೆತನ. ಹಗ್ಗದ ಗಂಟು ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗೈಡ್ ದಳಕ್ಕೆ ಅವಳನ್ನೇ ನಾಯಕಿ ಮಾಡಿದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು, ಮಾತು ಬಿಟ್ಟೆ. ಅದೇ ವೇಳೆಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರು ಬಿಡಿಸಿದರು. ಅವರಿಗೆ ಒಂದು ಕಡೆ ಜಾಗ, ನಮಗೆ ಇನ್ನೊಂದು ಕಡೆ.

ಅವರು ಹೊರಡುವ ಹಿಂದಿನ ದಿನ ಅವಳೇ ಬಾಗಿಲಿಗೆ ಬಂದಳು. "ನಾಳಿ ಮುಂಜಾನಿ ಸಾಲಿ ಬೇವಿನ ಗಿಡದ ಬುಡಕ ಬಾ ಬೇ. ನನ್ನ ಸ್ಕಾರ್ಫ್ ನಿನಗ ಕೊಡ್ತೀನಿ, ನಿಂದು ನನಗ ಕೊಡು."

"ನೋಡೂಣ" ಅಂದೆ. ಎಂಥ ಸೊಕ್ಕು! ಕಾಯಲಿ ಎಂದೇ ತಡಮಾಡಿ ಹೋದೆ. ಶಾಲೆಯ ಬೇವಿನ ಬುಡದಲ್ಲಿ ಸಣ್ಣ ಕಲ್ಲುಗಳ ಒಂದು ದುಂಡು, ನಡುವೆ ಒಂದು ಕಲ್ಲು. ಜಾಡು ಹಿಡಿಯುವ ಆಟದಲ್ಲಿ ಕಲಿತ ಗುರುತು: ನಾನು ಮನೆಗೆ ಹೋಗಿದ್ದೇನೆ. ಅವಳ ಮನೆ ನೂರು ಹೆಜ್ಜೆ ದೂರ, ಓಡಬಹುದಿತ್ತು. "ಹೋದ್ರ ಹೋಗ್ಲಿ" ಎಂದು ಕಲ್ಲು ಒದ್ದು ಬಂದೆ. ಮಧ್ಯಾಹ್ನ ಅವರ ಟ್ರ್ಯಾಕ್ಟರ್ ಹೋಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದೂ ಅದೇ. ಆಮೇಲೆ ಅವರ ಹೊಸ ಊರಿಗೆ ಹೋಗಿ ಕೇಳಿದೆ. ಕುರಿ ಹೊಡೆದುಕೊಂಡು ಮುಂದೆ ಹೋದರಂತೆ, ಯಾರಿಗೂ ನೆಲೆ ಗೊತ್ತಿಲ್ಲ. ಆ ಬೇವಿನ ಗಿಡವೂ ನೀರಿನಡಿ ಹೋಯಿತು.

ಮೇಳದ ದಿನ ನನ್ನ ಹಳೆಯ ಸ್ಕಾರ್ಫ್ ಚೀಲದಲ್ಲಿಟ್ಟುಕೊಂಡು, ಬಂದ ಪ್ರತಿ ಬಸ್ಸಿಗೂ ಗೇಟಿನ ತನಕ ಹೋದೆ. ಬೀಳಗಿಯದು ಬಂತು, ಮುಧೋಳದ್ದು ಬಂತು. ಅವಳಿಲ್ಲ. ಅಷ್ಟರಲ್ಲಿ ಜಾಡಿನ ಗುರುತು ಕಲಿಸುವ ಸರದಿ ನನಗೆ ಬಂತು. ಕೊನೆಯ ಗುರುತು, ದುಂಡಿನ ನಡುವೆ ಒಂದು ಕಲ್ಲು, ತೋರಿಸಿದಾಗ ಒಬ್ಬ ಹುಡುಗಿ ಕೇಳಿದಳು, "ಬಾಯಾರ, ಇದನ್ನ ಹಾಕೂಕಿಂತ ಮೊದಲ ಎಷ್ಟೊತ್ತ ಕಾಯಬೇಕ್ರಿ?"

ನನ್ನ ಗೆಳತಿ ಅಂದು ಎಷ್ಟು ಹೊತ್ತು ಕಾದಿದ್ದಳೋ, ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಸಂಜೆ ಮೈದಾನ ಖಾಲಿಯಾಯಿತು. "ಕಡೀ ಬಸ್ಸರಿ ಬಾಯಾರ, ನಡೀರಿ" ಎಂದು ಹುಡುಗಿಯರು ಅವಸರ ಮಾಡಿದರು. ಗೆಳತಿ ತಡವಾಗಿ ಬಂದರೆ ನೋಡಲಿ ಎಂದು ಗೇಟಿನ ಹತ್ತಿರ ಕಲ್ಲು ಆರಿಸಿ ದುಂಡಗೆ ಇಟ್ಟೆ. ನಡುವಿನ ಕಲ್ಲು ಇಡಲು ಕೈ ಬರಲಿಲ್ಲ. ಇಟ್ಟರೆ ಕಾಯುವುದು ಮುಗಿಯಿತು ಎಂದಂತೆ. ಆ ಕಲ್ಲು ಈಗಲೂ ಸ್ಕಾರ್ಫಿನ ಜೊತೆ ನನ್ನ ಚೀಲದಲ್ಲಿದೆ.