ಅಜ್ಜಿ ಕತ್ತರಿಸಿದ ಬಿಳಿ ಬಟ್ಟೆ

“ಆ ಬಿಳಿ ಅರಿವಿ ಇತ್ತ ತಾ ಬೇ, ಕತ್ರೀನೂ ಕೊಡ,” ಎಂದು ಅಜ್ಜಿ ಹಾಸಿಗೆಯಲ್ಲಿ ಎದ್ದು ಕುಳಿತು ಕೇಳಿದಾಗ ನಾನು ಬೆಚ್ಚಿದೆ. ಅದು ಬನಹಟ್ಟಿಯ ನಮ್ಮ ಮನೆಯ ಮಗ್ಗದಲ್ಲಿ ಆಕೆಯೇ ನೇಯ್ದು, ತಾನು ಸತ್ತಾಗ ಹೊದಿಸಲೆಂದು ಟ್ರಂಕಿನಲ್ಲಿಟ್ಟಿದ್ದ ಬಟ್ಟೆ. ನಾಲ್ಕು ದಿನಗಳ ಹಿಂದೆ, ಆಕೆಗೆ ಡಬಲ್ ನ್ಯುಮೋನಿಯಾ ಎಂದು ಗೊತ್ತಾದಾಗ, ಅಪ್ಪ ಅಳುತ್ತಲೇ ಅದನ್ನು ಹೊರಗೆ ತೆಗೆದಿಟ್ಟಿದ್ದರು. ಜಮಖಂಡಿಯಿಂದ ಬಂದ ಡಾಕ್ಟರ್ ಮಾತ್ರ, “ಸಲ್ಫಾ ಅಂತ ಹೊಸಾ ಟ್ಯಾಬ್ಲೆಟ್ ಬಂದಾವ್ರಿ, ನೋಡೂಣು,” ಎಂದು ಹೋಪ್ ಕೊಟ್ಟರು. ಕಾನ್ವೆಂಟಿನ ರಜೆಗೆ ಬಂದಿದ್ದ ನಾನು ಗಡಿಯಾರ ನೋಡಿ ನೋಡಿ ಅವನ್ನು ನುಂಗಿಸಿದ್ದೆ. ಅಂದು ಬೆಳಿಗ್ಗೆ ಫೀವರ್ ಇಳಿದಿತ್ತು.

“ಅದನ್ನ ಕತ್ತರಿಸಬಾರದವ್ವಾ,” ಎಂದರು ಅಪ್ಪ.

“ಸಾಯಾಕ ಇಷ್ಟ ತಯಾರಿ ಮಾಡಿದ್ವಿ, ಜಡ್ಡು-ಜ್ವರಕ್ಕೇನ ಮಾಡಿದ್ವಿ ಹೇಳಲೇ?” ಎಂದು ಅಜ್ಜಿ ಗದರಿದಳು. ಅಷ್ಟುದ್ದದ ಬಟ್ಟೆಯನ್ನೂ ಬ್ಯಾಂಡೇಜ್ ಪಟ್ಟಿಗಳಾಗಿ ಸೀಳಿ, ಕುದಿಸಿ ಒಣಗಿಸಿ, ಥರ್ಮಾಮೀಟರ್ ಜೊತೆ ಬಿಸ್ಕೀಟಿನ ಡಬ್ಬಿಯಲ್ಲಿಟ್ಟಳು.

ಆ ಡಬ್ಬಿ ನಮ್ಮ ಓಣಿಯ ಎಷ್ಟೋ ಮಕ್ಕಳ ಗಾಯ ಮಾಯಿಸಿತು. ಆ ಡಾಕ್ಟರರನ್ನು ನೆನೆದಾಗ ಈಗಲೂ ಕೈ ಮುಗಿಯುತ್ತೇನೆ. ಬಹಳ ವರ್ಷಗಳ ನಂತರ ಅಜ್ಜಿ ತೀರಿಕೊಂಡಾಗ, ನೇಕಾರರಾದ ನಾವು ಬಿಳಿ ಬಟ್ಟೆಗಾಗಿ ಪಕ್ಕದ ಮನೆಗೆ ಓಡಬೇಕಾಯಿತು.